ಬಾಂದಗಲ್ಲಿನ ಬುಡದಾಗಿನ ಸಾಕ್ಷಿ

ನಮ್ಮವ್ವ ಕರೆವ್ವಗ ಅಕ್ಷರ ಬರತಿದ್ದಿಲ್ಲ, ಸುಮ್ನ ಕುಂಡ್ರಾಕೂ ಬರತಿದ್ದಿಲ್ಲ. ನಮ್ಮೂರು ಹಿರೇಬೆಂಡಿಗೇರಿಗೆ ಮೊದಲ ಸಲ ಬಸ್ ಬಂದಾಗ ಅದರ ಕೆಳಗ ಬಗ್ಗಿ ನೋಡಿ, "ಎಣ್ಣಿ ಕುಡಿಯೂ ಗಾಡಿಗೆ ನೀರ್ಯಾಕ ಹಾಕ್ತೀರಿ?" ಅಂತ ಡ್ರಾಯವರನ ಜೀವಾ ತಿಂದಾಕಿ.

1964ರಾಗ ನಾ ಬೆಳಗಾವ್ಯಾಗ ಕಾನೂನು ಓದಿ ಮುಗಿಸಿ ಊರಿಗೆ ಬಂದಿದ್ದೆ. ಡಿಗ್ರಿ ಬಂದ್ರ ಆತೇನು? ಕರಿ ಕೋಟು ಹಾಕಬೇಕಂದ್ರ ವಕೀಲಿ ಸನದು ಬೇಕು, ಸನದಿಗೆ ಮತ್ತೊಂದು ಪರೀಕ್ಷಿ. ಅದರಾಗ ಒಮ್ಮೆ ಡುಮ್ಕಿ ಹೊಡದಿದ್ದೆ, ಅದೂ ಸಾಕ್ಷಿ ಕಾಯ್ದೆದಾಗ. ಅದಕ್ಕ ಪಡಸಾಲ್ಯಾಗ ಕುಂತು ಒದರಿ ಒದರಿ ಬಾಯಿಪಾಠ ಮಾಡ್ತಿದ್ದೆ. ಅವ್ವ ಎದುರಿಗೆ ಜ್ವಾಳ ಹಸನ ಮಾಡಕೋತ ಕೇಳಾಕಿ.

"ಉಳಿವೆಪ್ಪಾ, ಇವತ್ತ ಯಾರದೋ ಜಗಳ?"

"ಜಗಳಲ್ಲಬೇ, ಮುದ್ದತ್ತಿನ ಕಾಯ್ದೆ. ಒಬ್ಬನ ಹೊಲಾನ ಇನ್ನೊಬ್ಬ ಹನ್ನೆರಡು ವರ್ಷ ರಾಜಾರೋಷ ಉಂಡು, ಅಷ್ಟರಾಗ ಯಾರೂ ದಾವೆ ಹೂಡದಿದ್ರ, ಹೊಲಾ ಅವಂದಽ ಆಕ್ಕೈತಿ."

ಆಕಿ ಜ್ವಾಳ ಕೇರೂ ಮರ ಕೆಳಗಿಟ್ಲು. "ಹಾಂ? ಕಳ್ಳಗ ಬಹುಮಾನಾನು? ಯಾವ ಭಾಡ್ಯಾ ಬರದಾನೋ ಅದನ್ನ?"

ಆಕಿ ಸಿಟ್ಟಿಗೆ ಕಾರಣ ಇತ್ತು. ಅಪ್ಪ ತೀರಿದ ವರ್ಷ ಬಾಜೂ ಹೊಲದ ಗೋಣೆಪ್ಪ ಕಾಕಾ ಎರಡೂ ಹೊಲದ ಗಡಿ ತೋರಸೂ ಬಾಂದಗಲ್ಲ ಕಿತ್ತು ನಮ್ಮ ಹೊಲದಾಗ ನಾಲ್ಕು ಮಾರು ಒಳಗ ಹುಗದಿದ್ದ. ಪಂಚರು, "ಕಿತ್ತಿದ್ದ ಯಾರು ನೋಡ್ಯಾರ?" ಅಂದ್ರು. ಶಿಗ್ಗಾಂವಿ ವಕೀಲ್ರೊಬ್ಬರು ಅವ್ವಗ ಕುಂಡ್ರು ಅಂತನೂ ಅನ್ನದ, "ಸಾಕ್ಷಿ ಇಲ್ಲಬೇ, ನಡಿ" ಅಂದ್ರು. ಅದಾಗಿ ಹನ್ನೊಂದು ವರ್ಷ. ಅವ್ವ ಬಟ್ಟು ಮಡಚಿ ಎಣಿಸಿ ನನ್ನ ಮಾರಿ ನೋಡಿದ್ಲು. ಇನ್ನೊಂದಽ ವರ್ಷ ಉಳದಿತ್ತು.

ಮರುದಿನ ಸಾಕ್ಷಿ ಕಾಯ್ದೆ ಹಿಡದೆ. "ಮನಿಷ್ಯಾರಷ್ಟಽ ಅಲ್ಲ, ವಸ್ತುನೂ ಸಾಕ್ಷಿ ಆಗತೈತಿ" ಅಂತ ಒದರಿದೆ.

"ವಸ್ತು ಹೆಂಗ ಮಾತಾಡ್ತೈತೋ?"

"ಮಾತಾಡೂದಿಲ್ಲ, ಬಿದ್ದಲ್ಲೇ ಬಿದ್ದಿರತೈತಿ. ರಕ್ತ ಹತ್ತಿದ ಕುಡಗೋಲು, ಹೆಜ್ಜಿ ಗುರ್ತು..."

"ಇದ್ದಲಿ?"

"ಯಾವ ಇದ್ದಲಿಬೇ?"

"ಬಾಂದಗಲ್ಲ ಹುಗಿಯೂ ಮುಂದ ತೆಗ್ಗಿನಾಗ ಬುಟ್ಟಿ ಇದ್ದಲಿ ಸುರದು, ಕಾಯಿ ಒಡದು, ಮ್ಯಾಲ ಕಲ್ಲ ನಿಲ್ಲಸ್ತಾರಲ್ಲ? ನಮ್ಮ ಕಲ್ಲಿಗೆ ನಾನಽ ಒಲಿಯಾಗಿಂದ ತುಂಬಿ ಕೊಟ್ಟಿದ್ದೆ. ಇದ್ದಲಿ ಕೊಳಿಯೂದಿಲ್ಲ. ಕಲ್ಲ ಕಿತ್ತಾಂವ ಇದ್ದಲಿ ಆರಿಸಿಕೊಂಡು ಹೋಗ್ಯಾನೇನು?"

ನಾನು, ಪಂಚರು, ಊರಿಗೂರಽ ಅದನ್ನ ಬರೇ ಪೂಜಿ ಅಂತ ತಿಳದಿದ್ವಿ! ಹಿರಿಯರು ಇದ್ದಲಿನಽ ಯಾಕ ಹಾಕತಿದ್ರು ಅಂತ ಒಬ್ಬರೂ ಕೇಳಿದ್ದಿಲ್ಲ.

"ನಡಿಬೇ, ಈಗಽ ಅಗಿಯೂಣು!"

"ಶಾಣ್ಯಾ! ಈಗ ನಾವಿಬ್ಬರಽ ಅಗದ್ರ, ನಾವಽ ಹಾಕೇವಿ ಅಂತಾನ ಗೋಣೆಪ್ಪ. ಕೋರ್ಟಿನವರ ಮುಂದಽ ಅಗೀಬೇಕು. ಮೊದಲ ಪಾಸಾಗು. ಕುಂಡ್ರು ಅನ್ನದ ಆ ವಕೀಲನ ಬಾಗಲಾ ನಾ ಮತ್ತ ತುಳಿಯೂದಿಲ್ಲ."

ಅಬ್ಬಬ್ಬಾ, ಮುಂದಿನ ಮೂರು ತಿಂಗಳು! ನಾ ಮತ್ತ ಡುಮ್ಕಿ ಹೊಡದ್ರ ಹನ್ನೆರಡು ವರ್ಷ ತುಂಬಿ ಹೊಲಾ ಹೋಗತಿತ್ತು. ಅವ್ವ ಗೋಣೆಪ್ಪನ ವಕೀಲ ತಾನಽ ಆಗಿ ಸವಾಲು ಹಾಕಾಕಿ: "ಒಲಿ ಇದ್ದಲಿ ಅಂತ ಹೆಂಗ ಹೇಳ್ತಿ? ಗಿಡ ಸುಟ್ಟದ್ದು ಯಾಕಿರಬಾರದು?" ಜವಾಬು ಕೊಡೂತನಕ ರೊಟ್ಟಿ ಇಲ್ಲ. ಪರೀಕ್ಷಿಗೆ ಹೊಂಟಾಗ ಯಲವಿಗಿ ಟೇಶನ್ನಿಗೆ ಬಂದು ರೈಲು ಹತ್ತಿಸಿದ್ಲು. ಪಾಸಾದೆ.

ಸನದು ಬಂದ ವಾರಕ್ಕ ದಾವೆ ಹೂಡಿದೆ. ಅಗಿಯೂ ದಿನ ಜಾಗಾ ನೋಡಾಕ ಕೋರ್ಟು ಕಳಿಸಿದ ಕಮಿಷನರು, ಪಂಚರು, ಕಾಕಾ ಎಲ್ಲಾರೂ ಹೊಲದಾಗ ಸೇರಿದ್ರು. ಹಳೇ ಕಲ್ಲಿದ್ದದ್ದು ಇಲ್ಲೇ ಅಂತ ಅವ್ವ ತೋರಿಸಿದಲ್ಲಿ ಆಳು ಅಗದ. ಮೊಣಕಾಲಮಟ ಹೋದ್ರೂ ಬರೇ ಎರಿಮಣ್ಣು. ಕಾಕಾ ನಕ್ಕ.

ಅವ್ವ ಸೀರಿ ಕಚ್ಚಿ ಹಾಕಿ ತಾನಽ ತೆಗ್ಗಿಗೆ ಇಳಿದು ಕೈಲೆ ಕೆದರಿದ್ಲು. ಗೇಣು ಕೆಳಗ ಒಂದು ತುಣುಕು ಸಿಕ್ಕಿತು, ಆಮ್ಯಾಲ ಬೊಗಸಿಗಟ್ಟಲೆ. ಕಾಕಾ ಹುಗದ ಕಲ್ಲ ಕಿತ್ತು ನೋಡಿದ್ರ ಬುಡದಾಗ ಚೂರೂ ಇದ್ದಲಿ ಇದ್ದಿಲ್ಲ.

ಕಮಿಷನರು ಪಂಚನಾಮೆ ಬರದು ತಮ್ಮ ಕುರ್ಚಿ ಬಿಟ್ಟೆದ್ದು, "ಕುಂಡ್ರರಿ ತಾಯಿ, ಹೆಬ್ಬಟ್ಟು ಒತ್ತರಿ" ಅಂದ್ರು.

ಅವ್ವ ಒಂದು ಗಳಿಗಿ ಆ ಕುರ್ಚಿನಽ ನೋಡಿದ್ಲು. ಆಮ್ಯಾಲ ಕುಂತ್ಲು. ಆಕಿ ಮಸಿ ಡಬ್ಬಿ ಆಚೆ ಸರಿಸಿ, ಇದ್ದಲಿ ಹತ್ತಿದ ಹೆಬ್ಬಟ್ಟನ್ನಽ ಕಾಗದದ ಮ್ಯಾಲ ಒತ್ತಿದ್ಲು.