ಚಿಲಕ ಹೊರಗಡೆ ಇತ್ತು

ಶಾಲೆಯ ಆ ಕೋಣೆಯ ಬಾಗಿಲಿಗೆ ಎರಡು ಚಿಲಕ ಇದ್ದವು. ಮೇಲೊಂದು, ಕೆಳಗೊಂದು. ಎರಡೂ ಹೊರಗಡೆ.

ಒಳಗೆ ಕಾಲಿಟ್ಟ ಕೂಡಲೇ ಇದು ನನ್ನ ಕಣ್ಣಿಗೆ ಬಿತ್ತು. ಯಾಕೆಂದರೆ ನನ್ನ ಸೊಸೆ ರೂಪಾ ಬಾಣಂತಿ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ನದಿಯ ಬಾಜೂಕ. ಹೋದ ಮಳೆಗಾಲದಲ್ಲಿ ಘಟಪ್ರಭೆಯ ನೀರು ನಮ್ಮ ಓಣಿಗೇ ಬಂತು. ಸೊಸೆಯನ್ನು ಮೂಡಲಗಿಯ ತವರಿಗೆ ಕಳಿಸೋಣ ಅಂದರೆ ಗೋಕಾಕ ಕಡೆಯ ಸೇತುವೆ ಮುಳುಗಿತ್ತು.

ಮಗ ದನಗಳನ್ನು ಹೊಡೆದುಕೊಂಡು ಎತ್ತರದ ಹೊಲಕ್ಕೆ ಹೋದ. ನಾನು, ನಮ್ಮ ಯಜಮಾನರು, ಸೊಸೆ, ಕೂಸು ಕಾಳಜಿ ಕೇಂದ್ರಕ್ಕೆ ಬಂದೆವು. ಕಾಳಜಿ ಕೇಂದ್ರ ಅಂದರೆ ಹೈಸ್ಕೂಲು. ಒಂದು ಕೋಣೆಗೆ ಮೂರು ಮನೆಯವರು.

ಊಟದ ಬಗ್ಗೆ ನನ್ನ ತಕರಾರಿಲ್ಲ. ಅನ್ನ, ಸಾರು ಬಿಸಿಯಾಗಿಯೇ ಬಂತು. ಡಾಕ್ಟರೂ ಬಂದು ಹೋದರು. ಹೇಳುವಾಗ ಅದನ್ನೂ ಹೇಳಬೇಕು.

ಆದರೆ ಇಡೀ ಶಾಲೆಯಲ್ಲಿ ಚಾಲೂ ಇದ್ದ ಪ್ಲಗ್ ನಮ್ಮ ಕೋಣೆಯಲ್ಲಿ ಮಾತ್ರ... ಮೊಬೈಲ್ ಚಾರ್ಜ್ ಮಾಡಲು ಎಲ್ಲ ಗಂಡಸರೂ ಅಲ್ಲಿಗೇ.

ನಮ್ಮ ಕಡೆ ಗಂಡಸರು ಒಳಗೆ ಬರುವ ಮೊದಲು ಹೊಸ್ತಿಲ ಹತ್ತಿರ ಒಮ್ಮೆ ಕೆಮ್ಮುತ್ತಾರೆ. ಒಳಗಿನ ಹೆಣ್ಣುಮಕ್ಕಳು ಸೆರಗು ಸರಿ ಮಾಡಿಕೊಳ್ಳಲಿ ಅಂತ. ಕೆಮ್ಮದೆ ನನ್ನ ಮನೆ ಹೊಕ್ಕ ಗಂಡಸು ಇಲ್ಲ.

ಶಾಲೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬೇರೆ ಊರವರೇನಲ್ಲ, ನಮ್ಮ ಓಣಿಯವರೇ. ಶಾಲೆ ಯಾರ ಮನೆಯೂ ಅಲ್ಲ ಅಂದುಕೊಂಡರೋ ಏನೋ.

ಬಾಗಿಲು ಸದ್ದಾದರೆ ಸಾಕು, ರೂಪಾ ಕೂಸಿನ ಬಾಯಿಂದ ಎದೆ ಬಿಡಿಸಿಕೊಂಡು ಎದ್ದು ನಿಲ್ಲುವಳು. ಹಿರಿಯರ ಮುಂದೆ ಸೊಸೆ ಕೂರಬಾರದು. ಅದು ನಮ್ಮ ಮನೆಯ ರಿವಾಜು, ಈಗಲೂ ಅದನ್ನು ತಪ್ಪು ಅನ್ನೋದಿಲ್ಲ. ಆದರೆ ರಿವಾಜು ನಡೆಯಬೇಕಾದರೆ ನಡುವೆ ಒಂದು ಗೋಡೆಯಾದರೂ ಬೇಕಲ್ಲ.

ಕೂಸು ಅರೆಹೊಟ್ಟೆಯಲ್ಲಿ ಅಳುತ್ತಿತ್ತು. ಇವಳಿಗೆ ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂತು. ಆಶಾ ಕಾರ್ಯಕರ್ತೆ ಮುಟ್ಟಿ ನೋಡಿ, ಹೀಗೇ ಬಿಟ್ಟರೆ ಕೀವಾಗುತ್ತದೆ, ಕೂಸಿಗೆ ಕುಡಿಸುತ್ತಲೇ ಇರಬೇಕು ಅಂದಳು.

"ಅತ್ತಿ, ಬಾಟ್ಲಿ ಹಾಲು ತರಸ್ರಿ. ನನ್ನ ಕೈಲೆ ಆಗವಲ್ದು," ಅಂದಳು ರೂಪಾ. ಎಂದೂ ಏನನ್ನೂ ಕೇಳಿದ ಹುಡುಗಿಯಲ್ಲ.

ಮೂಲೆಗೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೇ ಒಬ್ಬ ಅದನ್ನೂ ಸರಿಸಿ ಒಳಗೆ ಇಣುಕಿದ. "ಕಾಕೂ, ನನ್ನ ಚಾರ್ಜರ್ ಇಲ್ಲೇ ಬಿದ್ದೈತೇನು?"

ಅವನಿಗೆ ಏನಂದೆ ಅಂತ ಇಲ್ಲಿ ಬರೆಯೋದಿಲ್ಲ.

ನೆಟ್ಟಗೆ ಹೆಡ್ ಮಾಸ್ತರ ಹತ್ತಿರ ಹೋದೆ. ಒಳಗಡೆ ಒಂದು ಚಿಲಕ ಹಾಕಿಸಿರಿ ಅಂದೆ. ಅವರು ಕೆಟ್ಟವರಲ್ಲ, ಅಂಜುವವರು.

"ಅಕ್ಕಾರ, ಬೇಕಂತನ ಒಳಗ ಹಾಕಂಗಿಲ್ರಿ. ನಾಳೆ ಹುಡುಗೂರು ಹಾಕ್ಕೊಂಡು ಸಿಕ್ಕೊಂಡ್ರ ನಾ ಯಾರಿಗೆ ಜವಾಬ ಕೊಡ್ಲಿ? ಮ್ಯಾಲ ಸರಕಾರಿ ಬಾಗಲಾ. ತೂತು ಹಾಕಾಕ ಪರ್ಮಿಶನ್ ಬೇಕು."

"ಬಾಣಂತಿ ಹಾಲು ಕುಡಸಾಕ ಯಾರ ಪರ್ಮಿಶನ್ ಬೇಕ್ರಿ ಸರ್?"

ನಾವು ಹೋಗುವಾಗ ಬಾಗಿಲು ಮೊದಲಿನ ಹಾಗೇ ಇರುತ್ತದೆ ಅಂತ ಮಾತು ಕೊಟ್ಟೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನನಗೆ ಅಷ್ಟು ಸಾಕಾಯಿತು.

ಪಕ್ಕದ ಕೋಣೆಯಲ್ಲಿ ನಮ್ಮೂರ ಬಡಿಗೇರ ಮಾವ ಇದ್ದ. ನೀರು ಬಂದಾಗ ಹಾಸಿಗೆ ಬಿಟ್ಟು ಉಳಿ, ಸುತ್ತಿಗೆಯ ಚೀಲ ಹೊತ್ತು ತಂದವನು. "ಹೊಸ ಚಿಲಕ ಎಲ್ಲಿಂದ ತರ್ಲಿ ತಂಗಿ?" ಅಂದ.

ಹೊಸದು ಯಾಕೆ? ಹೊರಗಿನ ಎರಡರಲ್ಲಿ ಮೇಲಿನದನ್ನು ಬಿಚ್ಚಿ ಒಳಗೆ ಹಾಕು ಅಂದೆ. ಒಳಗೆ ನಾವೇ ಇದ್ದಾಗ ಹೊರಗಿನಿಂದ ಚಿಲಕ ಹಾಕಿ ಯಾರನ್ನು ಕಾಯಬೇಕು?

ಅವನು ನಕ್ಕು ಸ್ಕ್ರೂ ಬಿಚ್ಚಿದ.

ಪ್ಲಗ್‌ನಿಂದ ಉದ್ದ ವೈರ್ ಎಳೆದು ಕಿಟಕಿಯಿಂದ ವರಾಂಡಕ್ಕೆ ಬಿಡಿಸಿದೆ. ಕೂಸು ಹಾಲು ಕುಡಿಯುವ ಹೊತ್ತಿಗೆ ಮೂರೂ ಮನೆಯ ಗಂಡಸರು ಹೊರಗೆ ಅಂತ ಹೇಳಿದೆ. ಮೊದಲು ಗೊಣಗಿದವರು ನಮ್ಮ ಯಜಮಾನರೇ. "ಮಳಿಯಾಗ ನಮ್ಮನ್ನ ಹೊರಗ ಹಾಕಿದ್ಯಲ್ಲ."

"ಮ್ಯಾಲ ತಗಡೈತಿ. ತೊಯ್ದ್ರೂ ಕರಗಾಂಗಿಲ್ಲ ಬಿಡ್ರಿ, ನೀವೇನು ಬೆಲ್ಲ ಅಲ್ಲ."

ಬಾಗಿಲು ಹಾಕಿ ಚಿಲಕ ಸರಿಸಿದೆ. ರೂಪಾ ಕಪ್ಪು ಹಲಗೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ಅಲ್ಲಿಗೆ ಬಂದ ಮೇಲೆ ಅವಳು ಹಾಗೆ ಕೂತದ್ದು ಅದೇ ಮೊದಲು. ಕೂಸು ಕುಡಿದು, ಕುಡಿದು, ಬಾಯಲ್ಲಿ ಎದೆ ಇದ್ದಂತೆಯೇ ನಿದ್ದೆ ಹೋಯಿತು.

ಆಮೇಲೆ ಬೇರೆ ಕೋಣೆಗಳ ಹೆಣ್ಣುಮಕ್ಕಳೂ ಬರತೊಡಗಿದರು. ತೊಯ್ದ ಸೀರೆ ಬದಲಿಸಲು, ತಲೆ ಬಾಚಲು... ಒಬ್ಬಳಂತೂ ಏನೂ ಮಾಡದೆ ಸುಮ್ಮನೆ ಕೂತು ಎದ್ದು ಹೋದಳು. ಯಾಕೆ ಅಂತ ನಾನು ಕೇಳಲಿಲ್ಲ.

ಜ್ವರ ಇಳಿಯುತ್ತ ಬಂದಾಗ ಯಾರೋ ಒಬ್ಬ ಮುಖಂಡರು ಚಾದರ ಹಂಚಲು ಬಂದರು. ಹಿಂದೆ ಮೊಬೈಲ್ ಹಿಡಿದ ನಾಲ್ಕಾರು ಜನ. ಬಾಗಿಲು ತಳ್ಳಿದರು, ತೆರೆಯಲಿಲ್ಲ. ಕೂಸು ಹಾಲು ಕುಡಿಯಾಕತ್ತೈತಿ, ನಿಲ್ರಿ ಅಂದೆ.

ನಿಂತರು. ಬಹಳ ಹೊತ್ತಿನ ಮೇಲೆ ಹೊರಗೆ ಯಾರೋ ಮೆಲ್ಲಗೆ ಕೆಮ್ಮಿದರು.

ಆಗ ಎದ್ದು ಹೋಗಿ ಬಾಗಿಲು ತೆಗೆದೆ. ಚಾದರ ಹೊಸ್ತಿಲಲ್ಲೇ ಇಸಿದುಕೊಂಡೆ. ಫೋಟೊ ಬೇಕಿದ್ದರೆ ನನ್ನದು ತೆಗೀರಿ ಅಂದೆ, ತೆಗೆದುಕೊಂಡು ಹೋದರು.

ನೀರು ಇಳಿದು ನಾವು ಹೊರಟ ದಿನ ಬಡಿಗೇರ ಮಾವನಿಗೆ ಹೇಳಿ ಆ ಚಿಲಕವನ್ನು ಮತ್ತೆ ಹೊರಗೆ ಹಾಕಿಸಿದೆ. ಮಾತು ಅಂದರೆ ಮಾತು.

ಒಳಗಡೆ ಸ್ಕ್ರೂಗಳ ತೂತು ಹಾಗೇ ಉಳಿದಿವೆ. ಮುಂದಿನ ಮಳೆಗಾಲಕ್ಕೆ ಯಾರೂ ಪರ್ಮಿಶನ್ ಕೇಳಬೇಕಿಲ್ಲ.

ನಿಮ್ಮೂರ ಸಾಲಿ ಬಾಗಲಿಗೆ ಒಳಗ ಚಿಲಕ ಐತೇನು, ಒಮ್ಮೆ ನೋಡಿ ಬಂದು ಹೇಳ್ತೀರೇನ್ರಿ?