ನನ್ನ ಕುಕ್ಕರಿನ ಕೂಗು

ಪ್ರಾಣಿಗಳ ಕಲಿಕೆಯ ಬಗೆಗಿನ ಜರ್ನಲ್ಲೊಂದಕ್ಕೆ ನಾನು ಬರೆದ ಪ್ರಬಂಧದಲ್ಲಿ ಪ್ರಯೋಗಶಾಲೆ ಎಂದರೆ ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಅಡುಗೆಮನೆ, ಉಪಕರಣ ಎಂದರೆ ಮದುವೆಯಲ್ಲಿ ತವರಿನವರು ಕೊಟ್ಟ ಪ್ರೆಶರ್ ಕುಕ್ಕರ್. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವಳು ನಾನು. ಇಲ್ಲಿ ವಾಸಕ್ಕೆ ಕೊಡುವ ಪರವಾನಗಿ, ನನ್ನ ಇಕಾಮಾದಲ್ಲಿ ಗೃಹಿಣಿ ಎಂದಿದೆ. ಇರಲಿ, ಕಣ್ಣು ಬಿಟ್ಟು ನೋಡುವುದಕ್ಕೆ ಇಕಾಮಾ ಬೇಕಿಲ್ಲ. ಮಧ್ಯಾಹ್ನ ಅನ್ನವಾದ ಮೇಲೆ ಒಂದು ಹಿಡಿಯನ್ನು ಕಿಟಕಿಯಾಚೆ ಏಸಿ ಪೆಟ್ಟಿಗೆಯ ಮೇಲೆ ಇಡುತ್ತಿದ್ದೆ. ಗೊರವಂಕಗಳು ಬಂದು ತಿನ್ನುತ್ತಿದ್ದವು. ಬರುಬರುತ್ತಾ ಅನ್ನ ಇಡುವ ಮೊದಲೇ, ಕುಕ್ಕರ್ ಕೂಗಿದ ಕೂಡಲೇ ಬಂದು ಕೂರತೊಡಗಿದವು. ಆ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಕೂಗದ ಕುಕ್ಕರಿಲ್ಲ. ಆದರೂ ನನ್ನದು ಕೂಗಿದಾಗ ಮಾತ್ರ ನನ್ನ ಕಿಟಕಿಗೆ! ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮೇಲಿನ ಮನೆಯ ಮಂಗಳೂರಿನಾಕೆಯೊಡನೆ ಕುಕ್ಕರ್ ಅದಲುಬದಲು ಮಾಡಿಕೊಂಡೆ. "ಎಂಥ ಹುಚ್ಚು ಮಾರಾಯ್ರೇ ನಿಮ್ಗೆ!" ಎಂದು ನಗುತ್ತಲೇ ಕೊಟ್ಟಳು. ಅವಳದು ನನ್ನ ಒಲೆಯ ಮೇಲೆ ಕೂಗಿತು, ಒಂದು ಹಕ್ಕಿಯೂ ಬರಲಿಲ್ಲ. ನನ್ನದು ಮೇಲೆ ಕೂಗಿತು, ಅವಳ ಕಿಟಕಿಯಲ್ಲಿ ಗೊರವಂಕಗಳ ಸಂತೆ. ಮತ್ತೆ ಮತ್ತೆ ಮಾಡಿ ನೋಡಿ, ಖಾತ್ರಿಯಾದ ಮೇಲೆ ಬರೆದೆ.

ಓದಿ ನೋಡಲೆಂದು ಊರಿನ ನನ್ನ ಹಳೆಯ ಪ್ರೊಫೆಸರಿಗೆ ಕಳಿಸಿದೆ. ಫೋನ್ ಮಾಡಿದರು. "ಕೆಲಸ ಛಲೋ ಆಗೇದವಾ. ಆದ್ರ ಮನಿ ಅಡ್ರೆಸ್ ನೋಡಿದ್ರ ಜರ್ನಲ್‌ದವರು ಓದೂದಿಲ್ಲ. ಮೊದಲ ನನ್ನ ಹೆಸರು, ನಮ್ಮ ಡಿಪಾರ್ಟ್‌ಮೆಂಟ್ ಹಾಕು. ಆ ಕುಕ್ಕರ್ ತಗದು ಸೌಂಡ್ ಸೋರ್ಸ್ ಅಂತ ಬರಿ."

ಮೈ ಉರಿಯಿತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುವುದು ಇದಕ್ಕೇ. ಗೆದ್ದಲೇನೋ ಸುಮ್ಮನಿದ್ದೀತು, ನಾನು ಇರುವವಳಲ್ಲ.

ಗಂಡ ಸಮಾಧಾನ ಹೇಳಲು ಬಂದರು. "ಅವರ ಹೆಸರು ಹಾಕಿದ್ರ ಏನ್ ಹೋಗ್ತದ? ಪೇಪರ್ ಅಂತೂ ಬರ್ತದಲ್ಲ."

"ನಿಮ್ಮ ಸಂಬಳ ಮ್ಯಾನೇಜರನ ಅಕೌಂಟಿಗೆ ಹೋದ್ರ ಹಿಂಗ ಅಂತೀರೇನ್ರೀ?" ಎಂದೆ.

ನನ್ನ ಒಬ್ಬಳ ಹೆಸರು, ಮನೆಯ ವಿಳಾಸ ಹಾಕಿ ಕಳಿಸಿಬಿಟ್ಟೆ. ಸಂಸ್ಥೆಯ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ ಎಂದು ಸಂಪಾದಕರ ಉತ್ತರ ಬಂತು. ಸಂಸ್ಥೆಯಿಲ್ಲ, ಮನೆಯಿದೆ ಎಂದು ಬರೆದೆ. ಇದರಿಂದ ಪ್ರಬಂಧ ತಿರುಗಿ ಬಂದರೆ ಬರಲಿ ಎಂದುಕೊಂಡು ಕೂತಿದ್ದೆ. ತಿಂಗಳುಗಳ ಮೇಲೆ ಪರಿಶೀಲಕರೊಬ್ಬರ ಪ್ರಶ್ನೆ ಬಂತು: ಹೊಸ ಕುಕ್ಕರಿನ ಕೂಗನ್ನು ಈ ಹಕ್ಕಿಗಳು ಕಲಿಯಬಲ್ಲವೇ?

ನನಗೆ ಕಣ್ಣು ತುಂಬಿತು. ಕೊನೆಗೂ ಒಬ್ಬರು ಹಕ್ಕಿಯ ಬಗ್ಗೆ ಕೇಳಿದ್ದರು. ಆ ಶುಕ್ರವಾರವೇ ಗಂಡನನ್ನು ಎಗೈಲಾದ ದೊಡ್ಡ ಅಂಗಡಿಗೆ ಎಳೆದುಕೊಂಡು ಹೋಗಿ ಹೊಸ ಕುಕ್ಕರ್ ತಂದೆ. ಹಕ್ಕಿಗಳು ಕಲಿತವು.

ಪ್ರಬಂಧ ಅಚ್ಚಾಯಿತು. ಆ ಸಂಚಿಕೆಯಲ್ಲಿ ಬರೆದ ಉಳಿದವರ ಹೆಸರಿನ ಕೆಳಗೆ ವಿಶ್ವವಿದ್ಯಾಲಯಗಳಿವೆ, ನನ್ನ ಹೆಸರಿನ ಕೆಳಗೆ ಮೈದಾನ್ ಹವಲ್ಲಿಯ ಫ್ಲ್ಯಾಟಿದೆ. ಕುಕ್ಕರ್ ಕುಕ್ಕರಾಗಿಯೇ ಇದೆ. ಪ್ರೊಫೆಸರಿಗೂ ಒಂದು ಪ್ರತಿ ಕಳಿಸಿದ್ದೇನೆ, ಓದಲಿ.