ಕೊಂಡಿ ತಂಬಿಗೆ

ಖಾನಾಪುರದ ಚಂಪವ್ವನ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಕ್ಕೂ ದೊಡ್ಡ ಸಂಭ್ರಮ. ಹಿತ್ತಲ ಬಾವಿಯ ನೀರನ್ನು ಎರಡು ಪದರಿನ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಹಿತ್ತಾಳೆ ತಂಬಿಗೆಗೆ ಇಳಿಸಬೇಕು. ಆ ತಂಬಿಗೆ ಮರಳಿ ಅದೇ ಬಾವಿಗೆ ಹೋಗಬೇಕು. ಬೇರೆ ನೀರಿಗೆ ಬಿದ್ದರೆ ಅವು ಬದುಕುವುದಿಲ್ಲ. ಮೇಲಿನಿಂದ ಸುರಿಯುವಂತೆಯೂ ಇಲ್ಲ, ಪೆಟ್ಟಾಗುತ್ತದೆ. ಅದಕ್ಕೇ ತಂಬಿಗೆಯ ಕಂಠಕ್ಕೊಂದು ಹಗ್ಗ, ತಳದಲ್ಲಿರುವ ಕೊಂಡಿಗೊಂದು ಹಗ್ಗ. ನೀರು ಮುಟ್ಟುವ ತನಕ ಇಳಿಸಿ ತಳದ ಹಗ್ಗ ಎಳೆದರೆ ತಂಬಿಗೆ ಮೆಲ್ಲಗೆ ಬೋರಲಾಗುತ್ತದೆ.

ಹದಿನಾಲ್ಕಕ್ಕೆ ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ಚಂಪವ್ವ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಗಂಡ ತೀರಿಕೊಂಡ ದಿನವೂ ಅಳುತ್ತಲೇ ಬಾವಿಕಟ್ಟೆಗೆ ಹೋಗಿ ಹಗ್ಗ ಇಳಿಸಿದ್ದಳು. ಓಣಿಯವರು ಆಡಿಕೊಂಡರು. ಆನೆಯೊಳಗಿನ ಆತ್ಮ ದೊಡ್ಡದಲ್ಲ, ನೀರ ಹುಳುವಿನೊಳಗಿನದು ಸಣ್ಣದಲ್ಲ ಎಂದು ಬಸದಿಯಲ್ಲಿ ಮುನಿಗಳು ಹೇಳಿದ್ದನ್ನು ಓಣಿಯ ಅರ್ಧ ಜನ ಕೇಳಿ ಮನೆಗೆ ಹೋಗಿ ಮರೆತಿದ್ದರು, ಈಕೆ ಮರೆತಿರಲಿಲ್ಲ. ಆದರೆ ಹುಳುವಿಗೆ ಇಷ್ಟು ಬೆಲೆ ಕೊಡುವವಳು ಎದುರಿಗಿದ್ದ ಮನುಷ್ಯನ ವಿಷಯದಲ್ಲಿ ಬಲು ಬಿಗಿ. ಮಾಂಸ ತಿನ್ನುವವರ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುವಳು, ಅವರು ಎತ್ತಿಕೊಳ್ಳಬೇಕು.

ಎಪ್ಪತ್ತೆಂಟನೇ ಇಸವಿಯ ಜೂನ್ ತಿಂಗಳ ಒಂದು ಬೆಳಿಗ್ಗೆ ಬೆಳಗಾವಿಯಿಂದ ಹೇಳಿಕಳಿಸಿದರು: ಮಗಳು ಸುನಂದಾಳಿಗೆ ನೋವು ಶುರುವಾಗಿದೆ, ದವಾಖಾನೆಗೆ ಸೇರಿಸಿದ್ದಾರೆ, ಅಳಿಯ ಊರಲ್ಲಿಲ್ಲ. ಚಂಪವ್ವ ಆಗಷ್ಟೇ ನೀರು ಸೋಸಿ, ಎರಡು ತಂಬಿಗೆಗಳ ಬಾಯಿಗೂ ಬಟ್ಟೆ ಕಟ್ಟಿದ್ದಳು. ಗಡಿಬಿಡಿಯಲ್ಲಿ ಜೀವಗಳ ತಂಬಿಗೆಯನ್ನು ಬಾವಿಗೆ ಇಳಿಸುವುದನ್ನೇ ಮರೆತು, ಕುಡಿಯುವ ನೀರಿನದೆಂದು ಒಂದನ್ನು ಚೀಲಕ್ಕೆ ಹಾಕಿ, ಕೀಲಿಕೈಯನ್ನು ಪಕ್ಕದ ಮನೆಯ ರೇಣವ್ವನಿಗೆ ಕೊಟ್ಟು, ಏದುಸಿರು ಬಿಡುತ್ತ ರೈಲು ಹತ್ತಿದಳು.

ಬೆಳಗಾವಿ ನಿಲ್ದಾಣದಲ್ಲಿ ಸಿಕ್ಕವನು ಮೀರಾಸಾಬ, ನಲವತ್ತರ ಆಸುಪಾಸಿನ ಟಾಂಗಾದವನು. ದವಾಖಾನೆಯ ಗೇಟಿಗೆ ಬರುವಷ್ಟರಲ್ಲಿ ಆಕೆಯ ಗಂಟಲು ಒಣಗಿತ್ತು. ತಂಬಿಗೆ ತೆಗೆದು, ಬಟ್ಟೆ ಸಡಿಲಿಸಿ ತುಟಿಗೆ ಒಯ್ದಳು. ತಳಕ್ಕೆ ಹಿಡಿದ ಬೆರಳಿಗೆ ಕೊಂಡಿ ತಗುಲಿತು.

ಕುಡಿಯುವ ನೀರು ಬಾವಿಕಟ್ಟೆಯ ಮೇಲೆಯೇ ಉಳಿದಿತ್ತು. ಬಾವಿಗೆ ಬಿಡಬೇಕಾದ ಜೀವಗಳು ರೈಲು ಹತ್ತಿ ಬಂದಿದ್ದವು. ಇನ್ನೊಂದು ಗಳಿಗೆಯಾಗಿದ್ದರೆ ಅವು ಹೊಟ್ಟೆಯಲ್ಲಿರುತ್ತಿದ್ದವು. ತಂಬಿಗೆಯನ್ನು ತುಟಿಯಿಂದ ಇಳಿಸಿ ಟಾಂಗಾದ ಕಂಬಿ ಹಿಡಿದುಕೊಂಡಳು.

"ಏನಾತ್ರಿ ಅಕ್ಕಾರ? ಮೈಯಾಗ ಆರಾಮಿಲ್ಲೇನ್ರಿ?" ಎಂದ ಮೀರಾಸಾಬ.

ಯಾರಿಗಾದರೂ ಹೇಳಲೇಬೇಕಿತ್ತು, ಹೇಳಿದಳು. ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ.

"ಎಷ್ಟು ಜೀವ ಅದಾವ್ರಿ ಇದರಾಗ?"

"ಎಣಿಸಾಕ ಬರೂದಿಲ್ಲೋ ತಮ್ಮಾ. ಇವನ್ನ ತಿರುಗಿ ನಮ್ಮ ಬಾವಿಗೇ ಬಿಡಬೇಕು. ಒಳಗ ಮಗಳು ಒದ್ದಾಡಾಕ ಹತ್ಯಾಳ. ಹೆಂಗ ಹೋಗ್ಲಿ ನಾ?"

"ನಾ ಹೋಗಿ ಬರ್ತೀನಿ ತಗೋರಿ. ಕುದರಿಗೆ ನಮ್ಮ ಹುಡುಗರು ಹುಲ್ಲ ಹಾಕ್ತಾರ. ಅವನ್ನೂ ಅಲ್ಲಾನ ಹುಟ್ಟಿಸಿದ್ದಲ್ರಿ?"

ನಲವತ್ತು ವರ್ಷ ಬೇರೆ ಯಾರೂ ಮುಟ್ಟದ ತಂಬಿಗೆ ಅದು. ಒಳಗಿನಿಂದ ಸುನಂದಾ ಚೀರಿದ್ದು ಕೇಳಿಸಿತು. ಚಂಪವ್ವ ಬಟ್ಟೆ ಬಿಗಿದು, ಮನೆಯ ಗುರುತು, ರೇಣವ್ವನ ಬಳಿಯ ಕೀಲಿಕೈ, ಹಗ್ಗಗಳ ವಿಷಯ ಹೇಳಿ, ತಂಬಿಗೆಯನ್ನು ನೆಲದ ಮೇಲಿಟ್ಟಳು. ಅವನು ಬಗ್ಗಿ ಎತ್ತಿಕೊಂಡ. ಗೇಟು ದಾಟಿದ ಕೂಡಲೇ ಇವನು ಇದನ್ನು ಗಟಾರಕ್ಕೆ ಚೆಲ್ಲುತ್ತಾನೆ ಎಂದು ಆಕೆಗೆ ಖಾತ್ರಿಯಿತ್ತು. ಗೊತ್ತಿದ್ದೂ ಕೊಟ್ಟಳು, ಪಾಪ ಅವನ ತಲೆಗೆ ಹೋಗಲಿ ಎಂದು. ಈ ಯೋಚನೆ ತನ್ನದೇ ಎಂದು ತಿಳಿದಾಗ ಆಕೆಗೆ ಹೇಸಿಗೆಯಾಯಿತು.

ಸಂಜೆಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಮೀರಾಸಾಬ ನಿಂತಿದ್ದ. ಕೈಯಲ್ಲಿ ಅದೇ ತಂಬಿಗೆ, ಬಾಯಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಚಂಪವ್ವನಿಗೆ ಸಿಟ್ಟು ನೆತ್ತಿಗೇರಿತು.

"ಹೋಗೇ ಇಲ್ಲೇನು? ಆಗೂದಿಲ್ಲ ಅಂದಿದ್ರ ಮುಗೀತಿತ್ತು. ಸುಳ್ಳ ಯಾಕ ಹೇಳಿದಿ?"

"ಹೋಗಿದ್ನಿರಿ," ಎಂದ ಅವನು. "ಊರಾಗ ವಾಂತಿಭೇದಿ ಸುರುವಾಗೈತಂತರಿ. ನಿನ್ನಿ ಮಧ್ಯಾಹ್ನ ಸರಕಾರದವರು ಬಂದು ಬಾವಿ ಬಾವಿಗೂ ಬ್ಲೀಚಿಂಗ್ ಪುಡಿ ಸುರುವ್ಯಾರ. ರೇಣವ್ವಾರು ಹಿತ್ತಲ ಬಾಗಲಾ ತಗದು ತೋರಿಸಿದ್ರು. ನಿಮ್ಮ ಬಾವ್ಯಾಗಿನ ಮೀನೆಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಾಕ ಹತ್ತಿದ್ದೂರಿ. ವಾಸನಿಗೆ ಕಣ್ಣ ಉರೀತಿದ್ದೂವು. ಅದರಾಗ ಇವನ್ನ ಹೆಂಗ ಬಿಡ್ಲಿರಿ?"

ಚಂಪವ್ವ ತಂಬಿಗೆಯತ್ತ ನೋಡಿದಳು. ನಲವತ್ತು ವರ್ಷ ದಿನಾ ಹಗ್ಗ ಇಳಿಸಿ, ಪೆಟ್ಟಾಗದ ಹಾಗೆ ಮನೆಗೆ ಮುಟ್ಟಿಸಿದ ಜೀವಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಗಿದ್ದವು. ಊರಿನ ಮಕ್ಕಳು ಸಾಯಬಾರದೆಂದು ಮಾಡಿದ ಕೆಲಸ ಅದು, ಬೈಯಲೂ ಯಾರೂ ಇಲ್ಲ. ನಿನ್ನೆ ತಾನು ಮರೆಯದೆ ನೇಮ ಪಾಲಿಸಿದ್ದರೆ ಇವೂ ಸಾಯುತ್ತಿದ್ದವು. ಆ ಬಾವಿಯದೆಂದು ಉಳಿದದ್ದು ಈ ತಂಬಿಗೆಯಲ್ಲಿ ಇದ್ದಷ್ಟೇ.

"ರಾತ್ರಿ ಎಲ್ಲಿಟ್ಟಿದ್ದಿ?" ಎಂದಳು.

"ತಂಪಿರ್ಲಿ ಅಂತ ಉಸುಕಿನ್ಯಾಗ ಇಟ್ಟಿದ್ನಿರಿ. ಕುದರಿ ಬಾಯಿ ಹಾಕೀತಂತ ಬಾಜೂಕ ಮಲಗಿದ್ನಿ. ಈಗ ಎಲ್ಲಿ ಬಿಡೂಣ್ರಿ ಅಕ್ಕಾರ?"

ಮುನಿಗಳು ಇದನ್ನು ಹೇಳಿರಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ.

ಮೀರಾಸಾಬ ನಿನ್ನೆಯ ರೀತಿಯಲ್ಲೇ ಬಗ್ಗಿ ತಂಬಿಗೆಯನ್ನು ನೆಲದ ಮೇಲಿಡಲು ಹೋದ.

"ನೆಲದ ಮ್ಯಾಲ ಬ್ಯಾಡೋ ತಮ್ಮಾ," ಎಂದು ಚಂಪವ್ವ ಎರಡೂ ಕೈ ಚಾಚಿದಳು. "ನನ್ನ ಕೈಯಾಗ ಕೊಡು."